ಮುಷ್ಟಿಯಲ್ಲಿದ್ದ ಕೀ

ಎಂಜಿನ್ ಇನ್ನೂ ಗುರುಗುಡುತ್ತಲೇ ಇತ್ತು. ಆಲೂಗಡ್ಡೆ ಮಾರುವ ನಿಕೊಲಾಸಾ ಮಿನಿಬಸ್ಸು ಗುದ್ದಿ ಅದರ ಮುಂದೆಯೇ ಬಿದ್ದು, ಕಾಲು ಹಿಡಿದುಕೊಂಡು ನರಳುತ್ತಿದ್ದಳು. ಅವಳ ಗುಂಡು ಟೋಪಿ ಚಕ್ರದಡಿ ಅಪ್ಪಚ್ಚಿಯಾಗಿತ್ತು. "ಓಡಿಸಪ್ಪಾ ಗಾಡೀನ! ಈ ಎಲ್ ಆಲ್ತೋ ಊರಿನ ಜನರ ಕೈಗೆ ಸಿಕ್ರೆ ನಿನ್ನ ಚರ್ಮ ಸುಲೀತಾರೆ," ಎಂದು ಹಿಂದಿನ ಸೀಟಿನವನು ಡ್ರೈವರ್ ಫೆರ್ಮಿನ್‌ನ ಭುಜ ತಿವಿದ. ಬಿದ್ದವರನ್ನು ಬಿಟ್ಟು ಓಡಿದರೆ ಜೈಲು, ಲೈಸೆನ್ಸೂ ಹೋಗುತ್ತದೆ ಎಂಬುದು ಫೆರ್ಮಿನ್‌ಗೆ ಗೊತ್ತಿತ್ತು. ಆದರೆ ಕೋರ್ಟು ಎಲ್ಲೋ ದೂರದಲ್ಲಿತ್ತು. ಕಲ್ಲೆತ್ತಿಕೊಂಡ ಗಂಡಸೊಬ್ಬ ಆಗಲೇ ಬಾಗಿಲ ಹತ್ತಿರ ಬಂದಿದ್ದ.

ಇಂಥ ಹೊತ್ತಿನಲ್ಲಿ ಈ ಬೀದಿಯವರು ಮೊದಲು ಕಿತ್ತುಕೊಳ್ಳುವುದು ಗಾಡಿಯ ಕೀಯನ್ನು. ಯಾರೂ ಕೈಹಾಕುವ ಮುಂಚೆಯೇ ಫೆರ್ಮಿನ್ ಎಂಜಿನ್ ಆರಿಸಿ, ಕೀ ಎಳೆದುಕೊಂಡು ಕೆಳಗಿಳಿದ. ನಿಕೊಲಾಸಾಳ ಮುಂದೆ ಮಂಡಿಯೂರಿ, ಅದನ್ನು ಅವಳ ಅಂಗೈಯಲ್ಲಿಟ್ಟು ಬೆರಳು ಮಡಚಿದ.

"ತಪ್ಪು ನಂದೇ ಅಮ್ಮಾ. ನಾನೆಲ್ಲೂ ಓಡಲ್ಲ. ಪೊಲೀಸರಿಗೂ ಹಾಗೇ ಹೇಳ್ತೀನಿ."

ಎತ್ತಿದ ಕಲ್ಲು ಮೇಲೆಯೇ ನಿಂತಿತು. ಆಂಬುಲೆನ್ಸಿಗೆ ಫೋನ್ ಹಚ್ಚಿದ್ದ ಹೆಂಗಸೊಬ್ಬಳು, "ಯಾರೂ ಎತ್ತುತ್ತಾನೇ ಇಲ್ಲ," ಎಂದು ಗೊಣಗಿದಳು. ನಿಕೊಲಾಸಾ ಫೆರ್ಮಿನ್‌ನ ಮುಖವನ್ನೇ ನೋಡಿದಳು. ಹಲ್ಲು ಕಚ್ಚಿ ನೋವು ನುಂಗಿಕೊಂಡು ಮುಷ್ಟಿ ಬಿಚ್ಚಿದಳು.

"ಇದನ್ನ ಇಟ್ಕೊಂಡು ನಾನೇನು ಮಾಡ್ಲೋ ಪೆದ್ದಾ? ಆಸ್ಪತ್ರೆ ತನಕ ಬಸ್ಸನ್ನ ನಾನೇ ತಳ್ಕೊಂಡು ಹೋಗ್ಲಾ? ಹಿಡಿ. ಈ ಸಲ ಮುಂದೆ ನೋಡ್ಕೊಂಡು ಓಡಿಸು."

ಕಲ್ಲು ಹಿಡಿದಿದ್ದವನು ಅದನ್ನು ಕೆಳಗೆ ಹಾಕಿ, ಅವಳನ್ನು ಎತ್ತಲು ಬಾಗಿದ.