ಹಬ್ಬದ ಮುನ್ನಾದಿನದ ವಿಮಾನ

"ಪಟ್ಟಿಯಲ್ಲಿ ನಿಮ್ಮ ಹೆಸರಿಲ್ಲ ಮೇಡಂ," ಎಂದಳು ಪ್ರವಾಸ ಕಂಪನಿಯ ಹುಡುಗಿ.

"ಸರಿಯಾಗಿ ನೋಡಮ್ಮ. ಮಿರಾನ್ ಅಂತ. ಜೇಜು ದ್ವೀಪ, ಮೂರು ದಿನ, ಒಬ್ಬಳೇ."

"ಎರಡು ಸಲ ನೋಡಿದೆ. ಇಲ್ಲ."

ಚಂಗ್ಜು ವಿಮಾನ ನಿಲ್ದಾಣದಲ್ಲಿ ಕಾಲಿಡಲು ಜಾಗವಿರಲಿಲ್ಲ. ಮರುದಿನ ಚುಸೊಕ್, ಹಿರಿಯರಿಗೆ ಎಡೆಯಿಡುವ ಸುಗ್ಗಿ ಹಬ್ಬ. ವಿಮಾನದ ಬಾಗಿಲು ಮುಚ್ಚಲು ಇನ್ನು ಇಪ್ಪತ್ತೈದು ನಿಮಿಷ.

ಹದಿನಾಲ್ಕು ವರ್ಷ. ಮದುವೆಯಾದಂದಿನಿಂದ ಪ್ರತಿ ಹಬ್ಬದ ಮುನ್ನಾದಿನವೂ ಅವಳು ಒಲೆಯ ಮುಂದೆ ಕೂತು ಮೀನು, ಅಣಬೆ, ಕುಂಬಳ ಕರಿದಿದ್ದಳು. ಗಂಡನ ಮನೆಯ ಸತ್ತ ಹಿರಿಯರಿಗೆ ಎಡೆ ಇಡಬೇಕಲ್ಲ! ಹಿರಿಸೊಸೆ ಎಂದ ಮೇಲೆ ಮುಗಿಯಿತು. ಹಿರಿಯರು ಅವರ ಕಡೆಯವರು, ಎಣ್ಣೆ ಸಿಡಿಯುವುದು ಇವಳ ಕೈಗೆ. ಈ ವರ್ಷ ಸಾಕೋ ಸಾಕು ಅನ್ನಿಸಿತ್ತು. ಒಂದು ಸಲ, ಒಂದೇ ಸಲ, ಸಮುದ್ರದ ಮುಂದೆ ಸುಮ್ಮನೆ ಕೂತಿರಬೇಕು. ಮನೆಯಲ್ಲಿ ಹೇಳಿದ್ದೇ ಬೇರೆ: ತಾನು ಕೆಲಸ ಮಾಡುವ ವೃದ್ಧಾಶ್ರಮದ ಅಡುಗೆಮನೆಯಲ್ಲಿ ಹಬ್ಬಕ್ಕೂ ಡ್ಯೂಟಿ ಹಾಕಿದ್ದಾರೆ ಎಂದು.

ಬುಕಿಂಗ್ ಆದದ್ದು ಫೋನಿನಲ್ಲಿ. ಟಿ.ವಿ.ಯಲ್ಲಿ ಸಾಮಾನು ತೋರಿಸಿ ಮಾರುವ ಚಾನೆಲ್ಲೊಂದು ಅಂದು ಪ್ರವಾಸ ಮಾರುತ್ತಿತ್ತು. ಪರದೆಯ ಮೂಲೆಯಲ್ಲಿ ಗಡಿಯಾರ ಓಡುತ್ತಿತ್ತು, ಇನ್ನು ಆರೇ ನಿಮಿಷ. ಅತ್ತೆ ಬುನ್ನಾಮ್ ಆ ಚಾನೆಲ್ಲಿನ ಹಳೇ ಸದಸ್ಯೆ. ವಾರಕ್ಕೊಮ್ಮೆ ಉಪ್ಪುಮೀನೋ ಬಾಣಲೆಯೋ ತರಿಸುವವರು. ಮನೆಯ ಫೋನಿನಿಂದ ಕರೆದರೆ ಸದಸ್ಯರ ರಿಯಾಯಿತಿ ತಾನಾಗಿ ಸಿಗುತ್ತದೆ. ಮಿರಾನ್ ಹಿಂದೆಮುಂದೆ ನೋಡದೆ ಆ ಫೋನನ್ನೇ ಎತ್ತಿಕೊಂಡಿದ್ದಳು. ಕಾರ್ಡು ಮಾತ್ರ ತನ್ನದು ಕೊಟ್ಟಳು.

"ಹೊರಡೋ ದಿನ ನೀವಾಗೇ ರದ್ದು ಮಾಡಿದ್ರೆ ದುಡ್ಡು ವಾಪಸ್ ಕೊಟ್ಟರೆ ಸಾಲದು, ಪರಿಹಾರಾನೂ ಕೊಡ್ಬೇಕು. ಗ್ರಾಹಕರ ನಿಯಮ ನಾನೂ ಓದಿದ್ದೀನಿ," ಎಂದಳು ಮಿರಾನ್.

"ಕಂಪನಿ ಏನೂ ಮಾಡಿಲ್ಲ ಮೇಡಂ. ಬುಕಿಂಗ್ ಆಗಿರೋದು ಸದಸ್ಯರ ಖಾತೆಯಲ್ಲಿ. ಖಚಿತ ಮಾಡ್ಕೊಳ್ಳೋಕೆ ಹೋದ ವಾರ ಅವರಿಗೇ ಫೋನ್ ಹೋಗಿದೆ. ಅವರು ಹೇಳಿದ ಹಾಗೆ ಮಾಡಿದ್ದೀವಿ."

ಅಂದರೆ ಅತ್ತೆಗೆ ಗೊತ್ತು. ಒಂದು ವಾರದಿಂದ ಗೊತ್ತು!

ಆ ವಾರವೆಲ್ಲ ಅತ್ತೆ ಬೆಣ್ಣೆಯಂತಿದ್ದರು. ಒಂದು ಸಿಡುಕಿಲ್ಲ, ಒಂದು ಕೊಂಕಿಲ್ಲ. ಎಡೆಯಲ್ಲಿ ಮೀನು ಯಾವ ಕಡೆ, ಹಣ್ಣು ಯಾವ ಕಡೆ, ಯಾವುದರ ಹಿಂದೆ ಯಾವುದು ಎಂದು ಮಿರಾನ್‌ಳನ್ನು ಕೂರಿಸಿಕೊಂಡು ಹೇಳಿಕೊಟ್ಟಿದ್ದರು. "ನಾನಿಲ್ದಿದ್ರೆ ಯಾರು ಮಾಡ್ತಾರೆ, ನೀನೇ ತಾನೆ?" ಎಂದಿದ್ದರು. ಕೇಳಿ ಮಿರಾನ್‌ಗೆ ಪಾಪ ಅನ್ನಿಸಿತ್ತು. ಇವತ್ತು ಬೆಳಿಗ್ಗೆ ಅತ್ತೆ ಬೆಟ್ಟದ ಗುಡಿಗೆಂದು ಚೀಲ ಹಿಡಿದು ಹೊರಟಾಗ, ಸದ್ಯ ತಪ್ಪಿಸಿಕೊಳ್ಳಲು ದಾರಿಯಾಯಿತು ಎಂದು ಮಿರಾನ್ ಒಳಗೇ ಹಿಗ್ಗಿದ್ದಳು. ಈಗ ಗೊತ್ತಾಯಿತು. ಇವಳು ಚಾಪೆ ಕೆಳಗೆ ತೂರಿದರೆ ಮುದುಕಿ ರಂಗೋಲಿ ಕೆಳಗೆ ತೂರಿದ್ದಳು. ಟಿಕೆಟ್ಟು ಕಿತ್ತುಕೊಂಡು, ಸೊಸೆ ಪೆಚ್ಚುಮೋರೆ ಹಾಕಿಕೊಂಡು ಮನೆಗೆ ಬರಲಿ ಎಂದು ಕಾಯುತ್ತಿದ್ದಾಳೆ.

ಜೇಬಿನಲ್ಲಿ ಮೊಬೈಲು ಅದುರಿತು. ಗಂಡ ತೇಸಿಕ್. ಇದು ಮೂರನೇ ಸಲ. ಅವನಿಗೂ ಸುದ್ದಿ ಮುಟ್ಟಿರಬೇಕು. ಅವಳು ಎತ್ತಲಿಲ್ಲ.

"ಆ ಮಾತುಕತೆಯ ಧ್ವನಿಮುದ್ರಣ ಹಾಕು," ಎಂದಳು ಹುಡುಗಿಗೆ.

"ಅದು ಸದಸ್ಯರಿಗೆ ಮಾತ್ರ..."

"ಕಾರ್ಡು ನನ್ನದು. ನನ್ನ ದುಡ್ಡಿನ ಬುಕಿಂಗು ಬೇರೆಯವರ ಬಾಯಿಮಾತಲ್ಲಿ ಹೋಗಿದೆ. ಕೇಳಿಸ್ತೀಯೋ, ಇಲ್ಲೇ ಗ್ರಾಹಕರ ಕೇಂದ್ರಕ್ಕೆ ದೂರು ಕೊಡ್ಲೋ?"

ಹಿಂದಿನ ಸಾಲಿನವರು ಗೊಣಗತೊಡಗಿದರು. ಹುಡುಗಿ ಮುಖ್ಯ ಕಚೇರಿಗೆ ಕರೆಮಾಡಿ ಪಿಸುಗುಟ್ಟಿದಳು, ಕಾದಳು, ಕೊನೆಗೆ ಫೋನನ್ನೇ ಮಿರಾನ್‌ಳ ಕೈಗಿಟ್ಟಳು. ಇನ್ನು ಹನ್ನೊಂದು ನಿಮಿಷ. ಮಿರಾನ್ ಅದನ್ನು ಕಿವಿಗೆ ಒತ್ತಿಕೊಂಡಳು. ಅತ್ತೆಯ ಬಾಯಿಂದಲೇ ಕೇಳಬೇಕು. ನಾಳೆ ನೆಂಟರೆಲ್ಲರ ಮುಂದೆ ಅದನ್ನೇ ಎತ್ತಿ ಆಡಬೇಕು.

"ಮಿರಾನ್ ಅವರ ಹೆಸರಲ್ಲಿ ಜೇಜುಗೆ ಒಂದು ಸೀಟು. ಸರಿ ತಾನೆ ಅಜ್ಜಿ?" ಎಂದಿತು ಮುದ್ರಣದಲ್ಲಿ ಕಂಪನಿಯವಳ ಧ್ವನಿ.

"ಯಾವತ್ತು ಹೊರಡೋದು ಅಂದೆ?"

"ಚುಸೊಕ್ ಹಿಂದಿನ ದಿನ."

ಹಿನ್ನೆಲೆಯಲ್ಲಿ ಮನೆಯ ಟಿ.ವಿ. ಕೇಳಿಸುತ್ತಿತ್ತು.

"ಅಜ್ಜಿ? ನಿಮಗೆ ಗೊತ್ತಿಲ್ಲದೆ ಆಗಿದ್ರೆ ರದ್ದು ಮಾಡಿಬಿಡ್ಲಾ?"

"ನಲವತ್ತೊಂದು ವರ್ಷ ಈ ಮನೆ ಎಡೆಗೆ ಕರಿದಿದ್ದೀನಿ ತಾಯಿ," ಎಂದಿತು ಅತ್ತೆಯ ಧ್ವನಿ. "ನಮ್ಮತ್ತೆ ಇರೋವರೆಗೂ ಒಂದು ಹಬ್ಬ ಬಿಡಲಿಲ್ಲ. ಅವರು ಹೋದ ಮೇಲೆ ಬಿಡೋಕೆ ನನಗೇ ಧೈರ್ಯ ಬರಲಿಲ್ಲ. ಹೀಗೂ ಒಂದು ದಾರಿ ಇದೆ ಅಂತ ಗೊತ್ತೇ ಇರಲಿಲ್ಲ ನೋಡು."

"ಹಾಗಾದ್ರೆ ರದ್ದು ಅಂತ ಬರ್ಕೊಳ್ಲಾ?"

"ರದ್ದು ಯಾಕಮ್ಮ, ಹೆಸರು ಬದಲಾಯಿಸು, ಅವಳ ಜಾಗದಲ್ಲಿ ನಾನು ಹೋಗ್ತೀನಿ."