ಸೈಕಲ್ ರಿಮ್ಮಿನ ದೀಪ

ಐದನೇ ಡಿಮ್ಮರಿನ ಸ್ಕ್ರೂ ಬಿಗಿಯುತ್ತಿದ್ದಾಗ ಹೊರಗಿನಿಂದ ಚಿಲಕ ಬಿದ್ದ ಸದ್ದು ಕೇಳಿಸಿತು. ಕೀರ್ತನ ತಿರುಗಿಯೂ ನೋಡಲಿಲ್ಲ. ನಾಲ್ಕು ದಿನದಿಂದ ಇದೇ ಕತೆ. ಅಪ್ಪ ಆದಿನಾರಾಯಣಪ್ಪ ಅಂಗಡಿಗೆ ಹೋಗಲಿ, ತೋಟಕ್ಕೆ ಹೋಗಲಿ, ಮಗಳನ್ನು ಒಳಗೆ ಬಿಟ್ಟು ಚಿಲಕ ಎಳೆದೇ ಹೋಗುವುದು. ಅವಳ ಫೋನೂ ಅವರ ಜೇಬಿನಲ್ಲೇ.

ಇಷ್ಟಕ್ಕೂ ಹುಡುಗಿ ಮಾಡಿದ ಅಪರಾಧವೇನು? ಐಟಿಐ ಎಲೆಕ್ಟ್ರಿಷಿಯನ್ ಪಾಸಾಗಿ ದೇವನಹಳ್ಳಿ ಕಡೆಯ ಕಾರ್ಖಾನೆಯೊಂದರಲ್ಲಿ ಕೆಲಸ ಗಿಟ್ಟಿಸಿಕೊಂಡದ್ದು. ಸೋಮವಾರ ಸೇರಬೇಕು. ಇವತ್ತು ಭಾನುವಾರ. ಮಧ್ಯಾಹ್ನ ಮೂರಕ್ಕೆ ದೊಡ್ಡಬಳ್ಳಾಪುರದಿಂದ ಗಂಡಿನ ಕಡೆಯವರು ಬರುತ್ತಾರೆ.

"ಇದೊಂದು ಸಂಬಂಧ ನೋಡ್ಬಿಡಮ್ಮ," ಎಂದಿದ್ದರು ಅಪ್ಪ. "ಅವರು ಬೇಡ ಅಂದ್ರೆ ಸೋಮವಾರ ನಾನೇ ಬಸ್ ಹತ್ತಿಸ್ತೀನಿ. ದೇವರಾಣೆ."

ಆಣೆ ಇಟ್ಟರೆ ತಪ್ಪುವ ಮನುಷ್ಯರಲ್ಲ ಅವರು. ಹಾಗಾದರೆ ಉಳಿದದ್ದು ಒಂದೇ ದಾರಿ: ಬಂದವರು ಬೇಡ ಅನ್ನಬೇಕು.

ದೀಪದ ಮಾತು ಎತ್ತಿದ್ದೂ ಅಪ್ಪನೇ. ನಡುಮನೆಯಲ್ಲಿ ಬೆಳಕು ಸಾಲದು, ಬಂದವರಿಗೆ ಎಲ್ಲ ಸರಿಯಾಗಿ ಕಾಣಬೇಕು, ದೊಡ್ಡದೊಂದು ದೀಪ ಮಾಡು ಎಂದರು. ಅಲ್ಲಾ, ಕೊತ್ತಂಬರಿ ಸೊಪ್ಪಿಗೂ ಚೌಕಾಸಿ ಮಾಡುವ ಆಸಾಮಿ, ಐದು ಡಿಮ್ಮರ್ ಬೇಕೆಂದು ಬರೆದುಕೊಟ್ಟರೆ ತುಟಿಪಿಟಕ್ಕೆನ್ನದೆ ಐದನ್ನೂ ತಂದುಬಿಟ್ಟರು! ಪಕ್ಕದ ಬೀದಿಯ ಮೆಕ್ಯಾನಿಕ್ ಪಿಳ್ಳಣ್ಣ ಕೈಜೋಡಿಸಲು ಬಂದರೆ ಗದರಿ ಕಳಿಸಿದರು. "ಯಾರೂ ಮುಟ್ಬೇಡಿ. ಎಲ್ಲಾ ಅವಳೇ ಮಾಡ್ಲಿ."

ಯಾವ ಸೀರೆ ಉಡಿಸಲಿ ಎಂದು ಅಮ್ಮ ಕೇಳಿದ್ದಕ್ಕೆ ಮಾತ್ರ, "ಯಾವುದೋ ಒಂದು ಉಡ್ಸು," ಎಂದು ಹೊರಟರು.

ಕೀರ್ತನಳಿಗೆ ಒಳಗೊಳಗೇ ಖುಷಿ. ಹಳೇ ಸೈಕಲ್ ರಿಮ್ಮಿಗೆ ಐದು ಹೋಲ್ಡರ್ ಕೂರಿಸಿ, ತೊಟ್ಟಿಲು ಕಟ್ಟುವ ಕೊಂಡಿಗೆ ತೂಗುಹಾಕಿದಳು. ಎಲ್‌ಇಡಿ ಹಾಕಿದರೆ ಡಿಮ್ಮರಿಗೆ ಮಿಣಮಿಣ ಅನ್ನುತ್ತದೆಂದು ಹಳೇ ಕಾಲದ ತಂತಿಯ ಬಲ್ಬುಗಳನ್ನೇ ಹುಡುಕಿಸಿದಳು. ಬೆಳಕು ಏರಿಸಿ ಇಳಿಸಲು ಬಲ್ಬಿಗೊಂದು ಡಿಮ್ಮರ್. ಐದೂ ಒಂದೇ ಬೋರ್ಡಿನಲ್ಲಿ, ತಾನು ಕೂರುವ ಕುರ್ಚಿಯ ಹಿಂದೆ, ಕೈಗೆಟುಕುವ ಹಾಗೆ.

ಎದುರಿನ ಬಲ್ಬುಗಳನ್ನು ಇಳಿಸಿ ಬಲಗಡೆಯದನ್ನು ಪೂರ್ತಿ ಏರಿಸಿದರೆ ಕೆನ್ನೆಯ ಮೊಡವೆ ಗುಳಿಗಳು ಹಳ್ಳದ ಹಾಗೆ ಕಾಣುತ್ತವೆ. ನೆತ್ತಿಯ ಮೇಲಿನದನ್ನೂ ಏರಿಸಿದರೆ ಕಣ್ಣು ಎರಡೂ ಮಾಯ. ಕನ್ನಡಿ ಹಿಡಿದು ನೋಡಿಕೊಂಡಳು. ಅಬ್ಬಾ! ಮೂರು ತಿಂಗಳು ಜ್ವರದಲ್ಲಿ ಮಲಗಿ ಎದ್ದವಳ ಮುಖ. ಒಬ್ಬಳೇ ನಕ್ಕಳು.

ಆದರೂ ಹೆದರಿಕೆ ಬಿಡಲಿಲ್ಲ. ಹೊತ್ತಿಗೆ ಸರಿಯಾಗಿ ಒಂದು ಬಲ್ಬು ಕೈಕೊಟ್ಟರೆ ಗತಿಯೇನು? ಜನ್ಮಪೂರ್ತಿ ಒಳಗೇ. ಹಾಗಾಗಿ, ಸಡಿಲವಿದ್ದರೆ ಬೋರ್ಡು ಬಿಸಿಯಾದೀತೆಂದು, ಜಾಯಿಂಟುಗಳನ್ನೆಲ್ಲ ಬಿಚ್ಚಿ ಮತ್ತೆ ಹೊಸೆದು ಟೇಪು ಸುತ್ತಿದಳು. ವೈರುಗಳನ್ನು ರಿಮ್ಮಿಗೆ ಒತ್ತಾಗಿ ದಾರದಲ್ಲಿ ಬಿಗಿದಳು. ಕಳ್ಳಕೆಲಸವಾದರೇನು, ಅಚ್ಚುಕಟ್ಟು ಬೇಡವೇ?

ಮೂರಕ್ಕೆ ಬಂದವರು ಇಬ್ಬರೇ. ಹುಡುಗ ಜಯಕುಮಾರ್, ಅವನ ತಾಯಿ ಮುನಿಲಕ್ಷ್ಮಮ್ಮ. ಕೀರ್ತನ ಉಪ್ಪಿಟ್ಟು ಕೊಟ್ಟು ಕುರ್ಚಿಯಲ್ಲಿ ಕೂತಳು. ಕೈ ಹಿಂದಕ್ಕೆ ಹೋಯಿತು. ಎರಡು ಇಳಿಯಿತು, ಎರಡು ಏರಿತು. ಜಯಕುಮಾರ್ ಒಮ್ಮೆ ನೋಡಿದವನು ಬೆಚ್ಚಿ ತಟ್ಟೆಯತ್ತ ತಲೆ ತಗ್ಗಿಸಿದ. ಗೆದ್ದೆ ಅಂದುಕೊಂಡಳು.

ಮುನಿಲಕ್ಷ್ಮಮ್ಮ ಸೂರಿನತ್ತ ನೋಡುತ್ತಿದ್ದವರು ಎದ್ದು ನೇರ ಕುರ್ಚಿಯ ಹಿಂದಕ್ಕೆ ಬಂದರು. ಒಂದೊಂದೇ ಡಿಮ್ಮರ್ ತಿರುಗಿಸಿ ಏರಿಸಿದರು, ಇಳಿಸಿದರು. ಬೋರ್ಡಿನ ಮೇಲೆ ಅಂಗೈ ಇಟ್ಟರು. ಸಿಕ್ಕಿಬಿದ್ದೆ ಅಂದುಕೊಂಡಳು ಕೀರ್ತನ. ಆಮೇಲೆ ಸಮಾಧಾನವೂ ಆಯಿತು. ಇಂಥ ಕಪಟಿಯನ್ನು ಯಾರು ಸೊಸೆ ಮಾಡಿಕೊಳ್ಳುತ್ತಾರೆ?

"ಬೋರ್ಡು ಬಿಸಿನೇ ಆಗಿಲ್ಲ ಕಣೋ," ಎಂದು ಮಗನಿಗೆ ಹೇಳಿದರು. "ಸಾಕು, ನಡಿ."

ಅಪ್ಪ ಅವರ ಹಿಂದೆಯೇ ಓಡಿದರು. ಕಾರು ಹೋದ ಸದ್ದಾಯಿತು. ಕೀರ್ತನ ಮಂಚದ ಕೆಳಗಿಂದ ಬ್ಯಾಗು ಎಳೆದು ಟೆಸ್ಟರ್, ಕಟಿಂಗ್ ಪ್ಲೇಯರ್ ತುಂಬತೊಡಗಿದಳು.

ಆದಿನಾರಾಯಣಪ್ಪ ಕಣ್ಣೊರೆಸಿಕೊಳ್ಳುತ್ತ ಒಳಗೆ ಬಂದರು.

"ಒಪ್ಕೊಂಡ್ಬಿಟ್ರು ಕಣಮ್ಮ! ಇಪ್ಪತ್ನಾಲ್ಕು ಮಗ್ಗ ಇದಾವೆ ಅವರಿಗೆ. ಮೋಟ್ರು ಕೆಟ್ರೆ ರಿಪೇರಿಯವರು ಸಿಗಲ್ವಂತೆ. ನಿನ್ನ ಮುಖ ಫೋಟೋದಲ್ಲೇ ನೋಡಾಗಿತ್ತು, ಇವತ್ತು ಬಂದಿದ್ದು ದೀಪ ನೋಡೋಕೆ."