ಗಾಜಿನ ಕತ್ತರಿ

ಆ ಹೆಂಗಸು ಇವತ್ತೂ ಬಂದಳು. ಸತತ ನಾಲ್ಕನೆಯ ದಿನ.

ಗ್ಯಾಲರಿಯ ಕಾವಲುಗಾರ ಕುರ್ಚಿಯಿಂದ ಎದ್ದು ನಿಂತ. ಕೋಣೆಯ ತುಂಬ ಗಾಜಿನದೇ ಸಂಸಾರ. ಗಾಜಿನ ಪೊರಕೆ, ಗಾಜಿನ ಚಪ್ಪಲಿ, ಗಾಜಿನ ಬೀಗ. ದಿನಬಳಕೆಯ ಸಾಮಾನನ್ನು ಬಳಸಲಾಗದಂತೆ ಮಾಡಿಟ್ಟರೆ ಜನ ಅದನ್ನು ಮೊದಲ ಸಲ ಕಣ್ಣುಬಿಟ್ಟು ನೋಡುತ್ತಾರೆ ಎಂಬುದು ಕಲಾವಿದನ ಲೆಕ್ಕಾಚಾರ. ಬಂದವರು, "ಇದರಲ್ಲಿ ಗುಡಿಸೋದು ಹೇಗಪ್ಪಾ?" ಎಂದು ನಕ್ಕು ಮುಂದೆ ಹೋಗುತ್ತಿದ್ದರು.

ಈಕೆ ಮಾತ್ರ ನೆಟ್ಟಗೆ ಮೂಲೆಯ ಕತ್ತರಿಯ ಬಳಿಗೇ ಹೋಗುತ್ತಿದ್ದಳು. ಐವತ್ತರ ಆಸುಪಾಸು, ಮಾಸಿದ ಬಟ್ಟೆ, ಬೆರಳ ತುಂಬ ಸುಟ್ಟ ಕಲೆ. ಬಗ್ಗುವಳು, ನೋಡುವಳು, ಆಮೇಲೆ ಬಾಗಿಲ ಕಡೆ ಒಂದು ಕಳ್ಳನೋಟ. ಇವತ್ತು ಹೆಗಲಲ್ಲಿ ಚೀಲ ಬೇರೆ.

ಕಾವಲುಗಾರ ಎರಡು ಹೆಜ್ಜೆ ಮುಂದೆ ಬಂದ. ಆ ಮೂಲೆಯನ್ನು ಅವನು ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಿದ್ದ. ಕತ್ತರಿಯನ್ನು ಮುಟ್ಟಲು ಗುಡಿಸುವವಳನ್ನೂ ಬಿಡುತ್ತಿರಲಿಲ್ಲ. ಅದರ ಮೇಲಿನ ದೀಪವನ್ನು ತಾನೇ ಆರಿಸಿದ್ದ. ಕೇಳಿದವರಿಗೆ, "ಕಾವಿಗೆ ಗಾಜು ಬಿರುಕು ಬಿಟ್ರೆ?" ಎನ್ನುತ್ತಿದ್ದ.

"ಅಷ್ಟು ಹತ್ರ ಹೋಗ್ಬೇಡಿ ಅಮ್ಮ," ಎಂದ.

"ನೋಡೋದೂ ತಪ್ಪಾ?"

"ನಾಲ್ಕು ದಿನದಿಂದ ನೋಡಿದ್ದು ಸಾಕಾಗ್ಲಿಲ್ವಾ?"

ಅವಳು ಅವನನ್ನು ಅಳೆಯುವಂತೆ ನೋಡಿದಳು. "ಒಂದು ಲೋಟ ನೀರು ಕುಡಿಯೋಕೂ ಹೋಗಲ್ವೇನಪ್ಪ ನೀವು?"

"ಹೋಗಲ್ಲ."

ಅವನ ಸಂಶಯ ಗಟ್ಟಿಯಾಯಿತು. ಅಷ್ಟರಲ್ಲಿ ಯಾರೋ ಪೊರಕೆ ಮುಟ್ಟಲು ಕೈಚಾಚಿದರು. ಅವನು ಅತ್ತ ಗದರಿ ಇತ್ತ ತಿರುಗುವಷ್ಟರಲ್ಲಿ ಅವಳ ಕೈ ಚೀಲದೊಳಗಿತ್ತು. ಹತ್ತಿಯ ಸಂದಿಯಿಂದ ಗಾಜು ಮಿಂಚಿತು.

"ಮೇಡಂ! ಕಳ್ಳಿ ಸಿಕ್ಕಿಬಿದ್ಳು!"

ಮ್ಯಾನೇಜರ್ ಓಡಿ ಬಂದರು. ಚೀಲ ಬಿಚ್ಚಿಸಿದರು. ಹತ್ತಿಯಲ್ಲಿ ಸುತ್ತಿದ್ದ ಗಾಜಿನ ಕತ್ತರಿ ಹೊರಬಂತು. ಪೀಠದ ಕಡೆ ತಿರುಗಿದರೆ ಅಲ್ಲೂ ಒಂದು ಕತ್ತರಿ.

"ಏನಿದು?"

"ಎರಡೂ ನಾನೇ ಮಾಡಿದ್ದು," ಎಂದಳು ಹೆಂಗಸು. "ಕಲಾವಿದರು ಕಾಗದದ ಮೇಲೆ ಬರೆದು ಕೊಡ್ತಾರೆ. ಬೆಂಕಿ ಮುಂದೆ ಕೂತು ಮಾಡೋಳು ನಾನು. ಅಲ್ಲಿರೋದು ಹಿಡಿ ಮುರಿದು ಅಂಟಿಸಿದ್ದು. ಗಲಾಟೆ ಯಾಕೆ, ಸದ್ದಿಲ್ಲದೆ ಬದಲಾಯಿಸಿ ಹೋಗೋಣ ಅಂತ ಬಂದೆ."

ಮ್ಯಾನೇಜರ್ ದೀಪ ಹಾಕಿದರು. ಹಿಡಿಯ ಬುಡದಲ್ಲಿ ಸಣ್ಣ ಹಳದಿ ಗೆರೆ.

"ಒಡೆದಿದ್ದು ಯಾರು? ಯಾರೇ ಆಗ್ಲಿ, ಅವರಿಗೆ ಇನ್ಮೇಲೆ ಇಲ್ಲಿ ಕೆಲಸ ಇಲ್ಲ."

ಹೆಂಗಸು ಕಾವಲುಗಾರನ ಮುಖ ನೋಡಿದಳು. ತುಸು ಹೆಚ್ಚೇ ಹೊತ್ತು ನೋಡಿದಳು.

"ನಾನೇ," ಎಂದಳು. "ಇಲ್ಲಿ ತಂದಿಡೋವಾಗ ಕೈಜಾರಿತು. ಅಂಟಿಸಿ ಬಾಯಿ ಮುಚ್ಕೊಂಡಿದ್ದೆ."

"ಹಾಗಾದ್ರೆ ನಡೀರಿ ಹೊರಗೆ. ಕಲಾವಿದರ ಹತ್ರ ನಾನು ಮಾತಾಡ್ತೀನಿ."

ಅವಳು ಖಾಲಿ ಚೀಲವನ್ನು ಮಡಚಿಕೊಂಡು ಹೊರಟಳು.

ಹೋದ ವಾರ ಧೂಳು ಒರೆಸುವಾಗ ಆ ಕತ್ತರಿಯನ್ನು ಬೀಳಿಸಿ, ಹಿಡಿಗೆ ಅಂಟು ಹಚ್ಚಿ, ಮೇಲಿನ ದೀಪ ಆರಿಸಿದ್ದ ಕಾವಲುಗಾರ ಅವಳಿಗೆ ಬಾಗಿಲು ತೆರೆದು ಹಿಡಿದ.